ಜ್ವರ, ದದ್ದು, ಗಂಟಲು ನೋವು: ಸೋಂಕಾ, ತಗೊಂಡ ಔಷಧಿಯೇ ಕಾರಣವಾ? ಹಂತ ಹಂತವಾಗಿ ನೋಡೋಣ

ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಜ್ವರ ಬಂತು, ಗಂಟಲು ಕೆರೆಯಿತು, ಎರಡು ದಿನ ಬಿಟ್ಟು ಮೈಮೇಲೆ ದದ್ದು ಎದ್ದಿತು. ಒಬ್ಬರು ವೈರಲ್ ಜ್ವರ ಅಂತಾರೆ, ಇನ್ನೊಬ್ಬರು ಯಾವುದೋ ಮಾತ್ರೆ ಒಗ್ಗಿಲ್ಲ ಅಂತಾರೆ. ಎರಡರಲ್ಲಿ ಯಾವುದು ನಿಜ ಅಂತ ಗೊತ್ತಾಗುವುದು ಹೇಗೆ?

ಬಹುಪಾಲು ಸಲ ಅದು ಮಾಮೂಲಿ ಸೋಂಕೇ ಆಗಿರುತ್ತದೆ, ತಾನಾಗಿ ಇಳಿಯುತ್ತದೆ. ಕೆಲವೇ ಸಲ ಔಷಧಿ ಕಾರಣವಾಗಿರುತ್ತದೆ. ಆದರೆ ಅಲ್ಲಿ ಎಡವಿದರೆ ಪೆಟ್ಟು ದೊಡ್ಡದು. ಸೋಂಕು ಅಂದುಕೊಂಡು, ಕಾರಣವಾದ ಮಾತ್ರೆಯನ್ನೇ ದಿನಾ ನುಂಗುತ್ತಾ ಇರುತ್ತೇವೆ. ಸಾಲದ್ದಕ್ಕೆ ಅದರ ಮೇಲೆ ಇನ್ನೊಂದು ಆ್ಯಂಟಿಬಯೋಟಿಕ್ ಸೇರಿಸುತ್ತೇವೆ.

ಇದನ್ನು ಮನೆಯಲ್ಲೇ ಕೂತು ತೀರ್ಮಾನಿಸಲು ಆಗುವುದಿಲ್ಲ. ಆದರೆ ಒಂದು ಕೆಲಸ ನಿಮ್ಮಿಂದಲೇ ಆಗಬೇಕು. ಯಾವ ಔಷಧಿ ಯಾವ ತಾರೀಖಿಗೆ ಶುರುವಾಯಿತು ಅನ್ನುವುದನ್ನು ವೈದ್ಯರ ಮುಂದೆ ಇಡಬೇಕು. ಯಾವ ರಕ್ತಪರೀಕ್ಷೆಯೂ ಅದನ್ನು ಹೇಳುವುದಿಲ್ಲ, ನೀವೇ ಹೇಳಬೇಕು. ಈ ಲೇಖನದ ಬಹುಪಾಲು ಅದರ ಬಗ್ಗೆಯೇ ಇದೆ.

ಎರಡೂ ಒಂದೇ ಥರ ಕಾಣುವುದು ಯಾಕೆ?

ಜ್ವರ ಬರಿಸುವುದು ರೋಗಾಣು ಅಲ್ಲ, ರೋಗಾಣುವಿನ ವಿರುದ್ಧ ಹೋರಾಡುವ ನಮ್ಮದೇ ರೋಗನಿರೋಧಕ ವ್ಯವಸ್ಥೆ. ಕೆಲವರ ಮೈಯಲ್ಲಿ ಈ ವ್ಯವಸ್ಥೆ ಒಂದು ಔಷಧಿಯನ್ನೇ ಶತ್ರು ಅಂದುಕೊಳ್ಳುತ್ತದೆ. ಆಗಲೂ ಅದೇ ರಾಸಾಯನಿಕಗಳು ರಕ್ತಕ್ಕೆ ಬರುತ್ತವೆ. ಹಾಗಾಗಿ ಅದೇ ಜ್ವರ, ಅದೇ ಮೈಕೈ ನೋವು, ಕುತ್ತಿಗೆಯಲ್ಲಿ ಅದೇ ಗಂಟು.

ಪಳಗಿದ ವೈದ್ಯರಿಗೂ ಇಲ್ಲಿ ಗೊಂದಲವಾಗಿದೆ. 1922ರಲ್ಲಿ ಅಮೆರಿಕದ ಸ್ಟೀವನ್ಸ್ ಮತ್ತು ಜಾನ್ಸನ್ ಎಂಬ ಮಕ್ಕಳ ವೈದ್ಯರು ಇಬ್ಬರು ಹುಡುಗರಲ್ಲಿ ಕಂಡ ಕಾಯಿಲೆಯ ಬಗ್ಗೆ ಬರೆದರು. ಜೋರು ಜ್ವರ, ಬಾಯಿತುಂಬ ಹುಣ್ಣು, ಊದಿಕೊಂಡ ಕಣ್ಣು, ಮೈಮೇಲೆ ದದ್ದು. ದದ್ದು ಏಳುವ ಹೊಸ ಬಗೆಯ ಜ್ವರ ಇದು ಅಂತಲೇ ಅವರು ವರ್ಣಿಸಿದರು. ಇವತ್ತು ಅದಕ್ಕೆ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಅಂತ ಹೆಸರು. ದೊಡ್ಡವರಲ್ಲಿ ಅದಕ್ಕೆ ಮುಖ್ಯ ಕಾರಣ ಔಷಧಿಗಳೇ ಅನ್ನುವುದು ಈಗ ಗೊತ್ತಾಗಿದೆ.

ಹಂತ 1: ಕಾಯುವಂತಿಲ್ಲದ ಲಕ್ಷಣಗಳನ್ನು ಮೊದಲು ನೋಡಿ

ಕೆಳಗಿನವುಗಳಲ್ಲಿ ಒಂದು ಇದ್ದರೂ ಲೇಖನದ ಉಳಿದ ಭಾಗ ಆಮೇಲೆ ಓದಿ. ಮೊದಲು ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

- ದದ್ದು ತುರಿಸುವ ಬದಲು ನೋಯುತ್ತಿದೆ, ಬಟ್ಟೆ ತಾಕಿದರೂ ಚರ್ಮ ಉರಿಯುತ್ತಿದೆ.
- ಚರ್ಮದ ಮೇಲೆ ನೀರುಗುಳ್ಳೆ ಎದ್ದಿದೆ, ಅಥವಾ ಚರ್ಮ ಹಾಳೆಯಂತೆ ಜಾರಿ ಬರುತ್ತಿದೆ.
- ತುಟಿ, ಬಾಯಿ, ಕಣ್ಣು, ಮೂತ್ರದ ಜಾಗ, ಇವುಗಳಲ್ಲಿ ಎರಡು ಕಡೆ ಒಟ್ಟಿಗೆ ಹುಣ್ಣು ಅಥವಾ ಉರಿ ಇದೆ.
- ಜ್ವರ ಮತ್ತು ದದ್ದಿನ ಜೊತೆ ಮುಖ, ಅದರಲ್ಲೂ ಕಣ್ಣಿನ ಸುತ್ತ, ಊದಿಕೊಂಡಿದೆ.
- ಕಣ್ಣು ಹಳದಿಯಾಗಿದೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದೆ ಅಥವಾ ತುಂಬಾ ಕಡಿಮೆಯಾಗಿದೆ.
- ಉಸಿರು ಕಟ್ಟುತ್ತಿದೆ, ನಾಲಿಗೆ ಊದಿದೆ, ತಲೆ ತಿರುಗಿ ಬೀಳುವಂತಾಗುತ್ತಿದೆ.
- ಜ್ವರದ ಜೊತೆ ಮೈ ಮರದ ಹಾಗೆ ಸೆಟೆದುಕೊಂಡಿದೆ, ಮಾತು ತೊದಲುತ್ತಿದೆ, ಮಂಪರು ಕವಿದಿದೆ.
- ನೇರಳೆ ಬಣ್ಣದ ಚುಕ್ಕೆಗಳಿವೆ, ಗಾಜಿನ ಲೋಟ ಒತ್ತಿ ನೋಡಿದರೂ ಮಾಸುವುದಿಲ್ಲ.

ಕೊನೆಯದು ಹೆಚ್ಚಾಗಿ ಔಷಧಿಯ ಲಕ್ಷಣವಲ್ಲ, ರಕ್ತಕ್ಕೆ ಹರಡಿದ ಭಾರೀ ಸೋಂಕಿನದ್ದೂ ಆಗಿರಬಹುದು. ಎರಡಾದರೂ ತುರ್ತೇ, ಹಾಗಾಗಿ ಪಟ್ಟಿಯಲ್ಲಿ ಸೇರಿಸಿದ್ದೇನೆ.

ಇಲ್ಲಿ ಜನ ಎಡವುವುದು ಒಂದೇ ಕಡೆ. ಸ್ಟೀವನ್ಸ್-ಜಾನ್ಸನ್‌ನಲ್ಲಿ ಚರ್ಮಕ್ಕೆ ಏನೂ ಆಗುವ ಮುಂಚೆಯೇ, ಒಂದರಿಂದ ಮೂರು ದಿನ, ಬರೀ ಜ್ವರ, ಗಂಟಲು ನೋವು, ಕೆಮ್ಮು, ಕಣ್ಣುರಿ ಇರುತ್ತದೆ. ನೋಡಿದರೆ ಥೇಟ್ ಫ್ಲೂ. ಕಣ್ಣು ಕೆಂಪಾದರೆ ಕೆಂಗಣ್ಣು ಬೇನೆ ಅಂತ ಡ್ರಾಪ್ಸ್ ಹಾಕುತ್ತಾರೆ. ಬಾಯಿ ಹುಣ್ಣಿಗೆ ಉಷ್ಣ ಅಂತಾರೆ. ಗುಳ್ಳೆ ಬಂದಾಗ ಸೀತಾಳೆ ಸಿಡುಬು ಅಂತಾರೆ. ಒಂದೊಂದಕ್ಕೂ ಬೇರೆ ಬೇರೆ ವಿವರಣೆ ಸಿಗುತ್ತದೆ, ಎಲ್ಲವನ್ನೂ ಒಟ್ಟಿಗೆ ಯಾರೂ ನೋಡುವುದಿಲ್ಲ. ಹೊಸ ಔಷಧಿ ಶುರುವಾಗಿ ಎರಡು ತಿಂಗಳೊಳಗೆ ಗಂಟಲು, ಕಣ್ಣು, ಬಾಯಿ ಮೂರೂ ಒಟ್ಟಿಗೆ ಕೆಟ್ಟರೆ, ದದ್ದು ಬರಲಿ ಅಂತ ಕಾಯಬೇಡಿ.

ಹಂತ 2: ತಾರೀಖಿನ ಪಟ್ಟಿ ಬರೆಯಿರಿ

ಬೇಕಾಗುವುದು ಇಷ್ಟೇ: ಒಂದು ಹಾಳೆ, ಹಳೆಯ ಚೀಟಿಗಳು, ಮಾತ್ರೆಯ ಖಾಲಿ ಸ್ಟ್ರಿಪ್‌ಗಳು, ಔಷಧಿ ಅಂಗಡಿಯ ಬಿಲ್ಲು. ಬಿಲ್ಲಿನಲ್ಲಿ ತಾರೀಖು ಇರುತ್ತದಲ್ವಾ, ಅದಕ್ಕೇ ಅದು ಮುಖ್ಯ. ನೆನಪಿನ ಮೇಲೆ ಬರೆದ ತಾರೀಖು ಒಂದು ವಾರ ಆಚೀಚೆ ಆಗಿಬಿಡುತ್ತದೆ.

ಕಳೆದ ಮೂರು ತಿಂಗಳಲ್ಲಿ ಮೈಗೆ ಹೋದದ್ದೆಲ್ಲ ಬರೆಯಿರಿ. ಮಾತ್ರೆ, ಸಿರಪ್, ಇಂಜೆಕ್ಷನ್, ಕಣ್ಣಿನ ಡ್ರಾಪ್ಸ್, ಮುಲಾಮು, ಲಸಿಕೆ, ಸ್ಕ್ಯಾನ್ ಮಾಡುವಾಗ ಚುಚ್ಚಿದ ಔಷಧಿ. ಗಿಡಮೂಲಿಕೆ ಮಾತ್ರೆ, ಪುಡಿ, ಶಕ್ತಿವರ್ಧಕ ಕೂಡ. 'ಅದು ಔಷಧಿ ಅಲ್ಲ, ಸುಮ್ನೆ ತಗೋತೀನಿ' ಅನ್ನುವವೇ ಪಟ್ಟಿಯಿಂದ ತಪ್ಪಿಹೋಗುತ್ತವೆ. ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ಇಂಜೆಕ್ಷನ್ನೂ ಹಾಗೆಯೇ ಮರೆತುಹೋಗುತ್ತದೆ. ಬೇರೆಯವರ ಮಾತ್ರೆ ಒಂದೆರಡು ತಗೊಂಡಿದ್ದರೆ ಸಂಕೋಚ ಬೇಡ, ಅದನ್ನೂ ಬರೆಯಿರಿ.

ಪ್ರತಿಯೊಂದರ ಮುಂದೆ ನಾಲ್ಕು ವಿಷಯ ಇರಲಿ: ಹೆಸರು, ಶುರುವಾದ ತಾರೀಖು, ಡೋಸ್ ಹೆಚ್ಚಿಸಿದ ತಾರೀಖು, ನಿಲ್ಲಿಸಿದ ತಾರೀಖು. ಹೆಸರು ಅಂದರೆ ಡಬ್ಬಿಯ ಮೇಲೆ ದಪ್ಪಗೆ ಬರೆದ ಕಂಪನಿಯ ಹೆಸರಲ್ಲ, ಅದರ ಕೆಳಗೆ ಸಣ್ಣಗೆ ಬರೆದ ಮೂಲ ಔಷಧಿಯ ಹೆಸರು. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಿ ಸೇರಿದ್ದರೆ ಎಲ್ಲವನ್ನೂ ಬರೆಯಿರಿ.

ಒಂದು ಕಾಲ್ಪನಿಕ ಪಟ್ಟಿ ನೋಡೋಣ.

ಮಾರ್ಚ್ 2: ಯೂರಿಕ್ ಆಸಿಡ್ ಜಾಸ್ತಿ ಇದೆ ಅಂತ ಅಲೋಪ್ಯೂರಿನಾಲ್ ಶುರು.
ಮಾರ್ಚ್ 22: ಜ್ವರ, ಗಂಟಲು ನೋವು.
ಮಾರ್ಚ್ 22: ಪ್ಯಾರಾಸಿಟಮಾಲ್ ಶುರು.
ಮಾರ್ಚ್ 23: ಅಮಾಕ್ಸಿಸಿಲಿನ್ ಶುರು. ಕಣ್ಣು ಉರಿ.
ಮಾರ್ಚ್ 24: ಎದೆಯ ಮೇಲೆ ದದ್ದು, ತುಟಿಯಲ್ಲಿ ಹುಣ್ಣು.

ಇದನ್ನು ನೋಡಿದ ಯಾರಾದರೂ ಅಮಾಕ್ಸಿಸಿಲಿನ್ ಮೇಲೆ ಗುಮಾನಿಪಡುತ್ತಾರೆ. ನಿನ್ನೆ ತಗೊಂಡದ್ದು, ಇವತ್ತು ದದ್ದು. ಆದರೆ ಕಾಯಿಲೆ ಶುರುವಾಗಿದ್ದು 24ಕ್ಕೆ ಅಲ್ಲ, 22ಕ್ಕೆ. ಜ್ವರ ಬಂದಾಗ ಅಮಾಕ್ಸಿಸಿಲಿನ್ ಇನ್ನೂ ಹೊಟ್ಟೆಗೆ ಹೋಗಿರಲೇ ಇಲ್ಲ. ಮೊದಲು ಅನುಮಾನಿಸಬೇಕಾದದ್ದು 20 ದಿನದ ಹಿಂದೆ ಶುರುವಾದ ಅಲೋಪ್ಯೂರಿನಾಲನ್ನು. ಅಮಾಕ್ಸಿಸಿಲಿನ್ ನಿಲ್ಲಿಸಿ, ಅಲೋಪ್ಯೂರಿನಾಲ್ ಮುಂದುವರಿಸಿದರೆ ಅನಾಹುತವಾಗುತ್ತದೆ.

ಹಾಗಾಗಿ ಲೆಕ್ಕ ಹಾಕುವಾಗ ದದ್ದಿನ ದಿನದಿಂದ ಹಿಂದಕ್ಕೆ ಎಣಿಸಬೇಡಿ. ಮೊದಲ ಲಕ್ಷಣದ ದಿನದಿಂದ ಎಣಿಸಿ. ಜ್ವರಕ್ಕೆ ಅಂತ ತಗೊಂಡ ಔಷಧಿ, ಆ ಜ್ವರಕ್ಕೇ ಕಾರಣವಾಗಿರಲು ಆಗುವುದಿಲ್ಲ. ಕೇಳಿದರೆ ತೀರಾ ಸರಳ ಅನ್ನಿಸುತ್ತದೆ, ಆದರೂ ಗಾಬರಿಯಲ್ಲಿ ಇದೇ ತಪ್ಪಿಹೋಗುವುದು.

ಹಂತ 3: ದಿನಗಳ ಅಂತರಕ್ಕೆ ಯಾವುದು ಹೊಂದುತ್ತದೆ ನೋಡಿ

ಔಷಧಿಯ ಪ್ರತಿಕ್ರಿಯೆಗಳೆಲ್ಲ ಒಂದೇ ವೇಗದವಲ್ಲ. 'ಅಲರ್ಜಿ ಆಗಿದ್ದರೆ ಅವತ್ತೇ ಆಗ್ತಿತ್ತು' ಅನ್ನುವ ಮಾತು ನಿಮಿಷಗಳಲ್ಲಿ ಉಸಿರು ಕಟ್ಟುವ ಅಲರ್ಜಿಗೆ ಮಾತ್ರ ಸರಿ. ಇಲ್ಲಿ ಹೇಳುವವುಗಳಿಗೆ ಆ ಮಾತು ಹೊಂದುವುದಿಲ್ಲ.

ಒಂದರಿಂದ ನಾಲ್ಕು ದಿನ: ಎಜೆಪ್ (AGEP) ಎಂಬ ಕೀವುಗುಳ್ಳೆಯ ಪ್ರತಿಕ್ರಿಯೆ. ಮೈ ಕೆಂಪಾಗಿ, ಅದರ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಕೀವುಗುಳ್ಳೆಗಳು ನೂರಾರು ಏಳುತ್ತವೆ. ಹೆಚ್ಚಾಗಿ ಮುಖ, ಕಂಕುಳು, ತೊಡೆಸಂದಿಯಲ್ಲಿ ಶುರು. ಜ್ವರ ಇರುತ್ತದೆ, ಬಿಳಿ ರಕ್ತಕಣ ಏರಿರುತ್ತದೆ. ಕೀವು ಕಂಡ ತಕ್ಷಣ ಬ್ಯಾಕ್ಟೀರಿಯಾ ಅಂದುಕೊಳ್ಳುವುದು ಸಹಜ, ಆದರೆ ಆ ಕೀವಿನಲ್ಲಿ ರೋಗಾಣು ಇರುವುದಿಲ್ಲ. ಎಷ್ಟೋ ಸಲ ಆ್ಯಂಟಿಬಯೋಟಿಕ್ಕೇ ಕಾರಣವಾಗಿರುತ್ತದೆ. ನಿಲ್ಲಿಸಿದರೆ ಎರಡು ವಾರದೊಳಗೆ ಸಿಪ್ಪೆ ಉದುರಿ ಗುಣವಾಗುತ್ತದೆ.

ಒಂದರಿಂದ ಮೂರು ವಾರ: ಸೀರಮ್ ಸಿಕ್‌ನೆಸ್ ಥರದ ಪ್ರತಿಕ್ರಿಯೆ. ಜ್ವರ, ಪಿತ್ತದ ಗಂಧೆಯಂತಹ ದದ್ದು, ಕೀಲು ನೋವು. ಮಕ್ಕಳಲ್ಲಿ ಜಾಸ್ತಿ, ಸೆಫಾಕ್ಲೋರ್ ಮತ್ತು ಅಮಾಕ್ಸಿಸಿಲಿನ್ ಜೊತೆ ಕಾಣುತ್ತದೆ. ಮಗು ನಡೆಯಲು ಹಟ ಮಾಡಿದರೆ ಅದು ಬರೀ ಹಟವಲ್ಲ, ಕಾಲಿನ ಕೀಲು ಮುಟ್ಟಿ ನೋಡಿ.

ನಾಲ್ಕು ದಿನದಿಂದ ನಾಲ್ಕು ವಾರ: ಸ್ಟೀವನ್ಸ್-ಜಾನ್ಸನ್, ಮತ್ತು ಅದರದೇ ಉಗ್ರ ರೂಪವಾದ ಟೆನ್ (TEN). ಎಂಟು ವಾರದವರೆಗೂ ಬರಬಹುದು, ಅದಾದ ಮೇಲೆ ಅಪರೂಪ. ಸುಲಿದ ಚರ್ಮ ಮೈಯ 10%ಕ್ಕಿಂತ ಕಡಿಮೆ ಇದ್ದರೆ ಸ್ಟೀವನ್ಸ್-ಜಾನ್ಸನ್, 30% ದಾಟಿದರೆ ಟೆನ್, ನಡುವೆ ಇದ್ದರೆ ಎರಡರ ಬೆರಕೆ ಅಂತ ವೈದ್ಯರು ಗುರುತಿಸುತ್ತಾರೆ. ಟೆನ್ ಬಗ್ಗೆ 1956ರಲ್ಲಿ ಮೊದಲು ವಿವರವಾಗಿ ಬರೆದ ಚರ್ಮವೈದ್ಯ ಅಲನ್ ಲಯಲ್, ಬಿಸಿನೀರು ಬಿದ್ದು ಬೆಂದ ಚರ್ಮಕ್ಕೆ ಅದನ್ನು ಹೋಲಿಸಿದ್ದರು. ಸುಟ್ಟಗಾಯದ ವಾರ್ಡಿನಲ್ಲೋ ಐಸಿಯುನಲ್ಲೋ ನೋಡಿಕೊಳ್ಳಬೇಕಾದ ಕಾಯಿಲೆ ಇದು. ಟೆನ್ ಬಂದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಉಳಿಯುವುದಿಲ್ಲ.

ಎರಡರಿಂದ ಎಂಟು ವಾರ: ಡ್ರೆಸ್ (DRESS) ಎಂಬ ಪ್ರತಿಕ್ರಿಯೆ. ಸೋಂಕು ಅಂತ ಮೋಸ ಹೋಗುವುದು ಇದರಲ್ಲೇ ಜಾಸ್ತಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜೋರು ಜ್ವರ, ಮೈತುಂಬ ದದ್ದು, ಊದಿದ ಮುಖ, ಕುತ್ತಿಗೆ ಮತ್ತು ಕಂಕುಳಲ್ಲಿ ಗಂಟು, ಜೊತೆಗೆ ಒಳಗಿನ ಯಾವುದಾದರೂ ಅಂಗಕ್ಕೆ ಪೆಟ್ಟು. ಹೆಚ್ಚಾಗಿ ಲಿವರ್, ಕೆಲವರಲ್ಲಿ ಕಿಡ್ನಿ, ಶ್ವಾಸಕೋಶ, ಹೃದಯ. ಲಿವರ್ ರಿಪೋರ್ಟ್ ನೋಡಿದವರು ಕಾಮಾಲೆಯ ವೈರಸ್ ಹುಡುಕುತ್ತಾರೆ. ಗಂಟು ನೋಡಿದವರು ಟಿಬಿ ಇರಬಹುದಾ ಅಂತಾರೆ. ಜ್ವರ, ದದ್ದು ನೋಡಿದವರು ಡೆಂಗಿ ಅಥವಾ ದಡಾರ ಅಂತಾರೆ. ಔಷಧಿ ಶುರುವಾಗಿ ಒಂದೂವರೆ ತಿಂಗಳಾಗಿರುವುದರಿಂದ ಅದು ಯಾರ ತಲೆಗೂ ಬರುವುದಿಲ್ಲ. ಡ್ರೆಸ್ ಬಂದವರಲ್ಲಿ 10%ವರೆಗೆ ಸಾವಿನ ಅಪಾಯ ಇದೆ.

ಇಲ್ಲಿ ಎರಡು ಎಚ್ಚರಿಕೆ. ಅದೇ ಔಷಧಿಗೆ ಹಿಂದೆ ಒಮ್ಮೆ ಮೈ ತಿರುಗಿಬಿದ್ದಿದ್ದರೆ, ಎರಡನೇ ಸಲ ಈ ದಿನಗಳ ಲೆಕ್ಕ ನಡೆಯುವುದಿಲ್ಲ. ಒಂದೆರಡು ದಿನದಲ್ಲೇ, ಕೆಲವೊಮ್ಮೆ ಗಂಟೆಗಳಲ್ಲೇ ಬರಬಹುದು. ಇನ್ನೊಂದು, ವರ್ಷಗಟ್ಟಲೆ ತೊಂದರೆಯಿಲ್ಲದೆ ತಗೊಳ್ಳುತ್ತಿರುವ ಬಿಪಿ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮೊದಲು ದೂರಬೇಡಿ. ಅನುಮಾನ ಹೊಸದಾಗಿ ಬಂದವುಗಳ ಮೇಲಿರಲಿ.

ಪಟ್ಟಿಯಲ್ಲಿ ಈ ಹೆಸರುಗಳಿದ್ದರೆ ಕೆಳಗೆ ಗೆರೆ ಎಳೆಯಿರಿ: ಅಲೋಪ್ಯೂರಿನಾಲ್, ಫಿಟ್ಸ್ ಮತ್ತು ನರನೋವಿಗೆ ಕೊಡುವ ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟಾಲ್, ಲ್ಯಾಮೋಟ್ರಿಜಿನ್, ಕೋಟ್ರೈಮಾಕ್ಸಜೋಲ್ ಮತ್ತು ಇತರ ಸಲ್ಫಾ ಆ್ಯಂಟಿಬಯೋಟಿಕ್‌ಗಳು, ಸಲ್ಫಾಸಲಜಿನ್, ಡ್ಯಾಪ್ಸೋನ್, ನೆವಿರಪಿನ್, ಮಿನೋಸೈಕ್ಲಿನ್, ನೋವಿನ ಮಾತ್ರೆಗಳಲ್ಲಿ ಪಿರಾಕ್ಸಿಕಾಮ್, ಮೆಲಾಕ್ಸಿಕಾಮ್. ಇವೆಲ್ಲ ಒಳ್ಳೆಯ, ಬೇಕಾದ ಔಷಧಿಗಳೇ. ತಗೊಳ್ಳುವವರಲ್ಲಿ ತೀರಾ ಕೆಲವರಿಗೆ ಮಾತ್ರ ಹೀಗಾಗುತ್ತದೆ. ಈ ಪಟ್ಟಿ ಓದಿ ಹೆದರಿ ಮಾತ್ರೆ ಬಿಡಬೇಡಿ.

ಹಂತ 4: ಮೈಯನ್ನು ಪೂರ್ತಿ ನೋಡಿ, ಫೋಟೋ ತೆಗೆಯಿರಿ

ಒಳ್ಳೆಯ ಬೆಳಕಿನಲ್ಲಿ, ಬಟ್ಟೆ ತೆಗೆದು ನೋಡಬೇಕು. ಬೆನ್ನು, ಅಂಗೈ, ಅಂಗಾಲು, ಕಿವಿಯ ಹಿಂದೆ. ಕೆಳರೆಪ್ಪೆ ಎಳೆದು ಕಣ್ಣು ನೋಡಿ. ಟಾರ್ಚ್ ಹಾಕಿ ಬಾಯೊಳಗೆ, ಕೆನ್ನೆಯ ಒಳಭಾಗ, ಅಂಗುಳ ನೋಡಿ. ಮೂತ್ರ ಮಾಡುವಾಗ ಉರಿ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಅಲ್ಲಿ ಹುಣ್ಣಾಗಿದ್ದರೂ ಜನ ನಾಚಿಕೆಯಿಂದ ಹೇಳುವುದಿಲ್ಲ, ಇಲ್ಲವೇ ಉರಿಮೂತ್ರ ಅಂದುಕೊಳ್ಳುತ್ತಾರೆ.

ಕಪ್ಪು ಅಥವಾ ಗೋಧಿ ಬಣ್ಣದ ಮೈಯಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಕಂದು, ನೇರಳೆ, ಬೂದು ಬಣ್ಣದ ಕಲೆಗಳನ್ನು ಹುಡುಕಿ. ಕೈಯಿಂದ ಹಗುರಾಗಿ ಮುಟ್ಟಿ, ಬಿಸಿ ಇದೆಯಾ, ನೋಯುತ್ತಾ ಅಂತ ನೋಡಿ. ಉಜ್ಜಬೇಡಿ. ಸ್ಟೀವನ್ಸ್-ಜಾನ್ಸನ್‌ನ ಕಲೆಗಳು ಹೆಚ್ಚಾಗಿ ಎದೆ, ಮುಖದಲ್ಲಿ ಶುರುವಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ನಡುಭಾಗ ಕಪ್ಪಾಗಿ, ಸುತ್ತ ತಿಳಿಯಾಗಿ, ಆಮೇಲೆ ಮಧ್ಯದಲ್ಲಿ ಚರ್ಮ ಸಡಿಲಾಗಿ ಸುಕ್ಕುಗಟ್ಟುತ್ತದೆ. ಸೀತಾಳೆ ಸಿಡುಬಿನಲ್ಲಾದರೆ ತುರಿಕೆ ಜಾಸ್ತಿ, ಹೊಸ ಗುಳ್ಳೆ, ಒಡೆದ ಗುಳ್ಳೆ, ಒಣಗಿದ ಹಕ್ಕಳೆ ಒಂದೇ ಜಾಗದಲ್ಲಿ ಒಟ್ಟಿಗೆ ಕಾಣುತ್ತವೆ.

ಫೋಟೋ ತೆಗೆದಿಡಿ, ಪ್ರತಿ ಆರು ಗಂಟೆಗೊಮ್ಮೆ ಆದರೂ. ದದ್ದಿನ ಅಂಚಿಗೆ ಪೆನ್ನಿನಿಂದ ಗುರುತು ಹಾಕಿದರೆ ಎಷ್ಟು ಬೇಗ ಹರಡುತ್ತಿದೆ ಅನ್ನುವುದು ಗೊತ್ತಾಗುತ್ತದೆ. ನೋಯುವ ಚರ್ಮದ ಮೇಲೆ ಮಾತ್ರ ಗುರುತು ಹಾಕಬೇಡಿ. ಮುಲಾಮು, ಪೌಡರ್, ಬಣ್ಣದ ಲೋಷನ್ ಯಾವುದನ್ನೂ ಹಚ್ಚಬೇಡಿ. ವೈದ್ಯರಿಗೆ ಚರ್ಮದ ನಿಜವಾದ ಬಣ್ಣ ಕಾಣಬೇಕು.

ದದ್ದೇ ಇಲ್ಲದೆ ಮೋಸ ಮಾಡುವವು

ಇದಕ್ಕೆ ಹಂತದ ಸಂಖ್ಯೆ ಕೊಟ್ಟಿಲ್ಲ, ಆದರೆ ಬಿಟ್ಟು ಮುಂದೆ ಹೋಗಬೇಡಿ.

ಮೊದಲನೆಯದು ಗಂಟಲು ನೋವು. ಥೈರಾಯ್ಡ್ ಜಾಸ್ತಿಯಾದವರಿಗೆ ಕೊಡುವ ಕಾರ್ಬಿಮಜೋಲ್, ಮೆಥಿಮಜೋಲ್, ಪಿಟಿಯು; ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್; ಕೀಲುವಾತಕ್ಕೆ ಕೊಡುವ ಸಲ್ಫಾಸಲಜಿನ್. ಇವು ಕೆಲವರಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಪೂರ್ತಿ ಬತ್ತಿಸಿಬಿಡುತ್ತವೆ. ಬ್ಯಾಕ್ಟೀರಿಯಾ ವಿರುದ್ಧ ಮೊದಲು ಹೋರಾಡುವ ಕಣಗಳು ಅವೇ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕಡಿಮೆಯಾದರೆ ಜೀವಕ್ಕೆ ಅಪಾಯ. ಇಲ್ಲಿ ಸೋಂಕು ಸುಳ್ಳಲ್ಲ, ನಿಜವಾದ ಸೋಂಕೇ. ಆದರೆ ಅದಕ್ಕೆ ಬಾಗಿಲು ತೆರೆದದ್ದು ಔಷಧಿ. ಬರೀ ಆ್ಯಂಟಿಬಯೋಟಿಕ್ ಕೊಟ್ಟು, ಮೂಲ ಮಾತ್ರೆ ಮುಂದುವರಿಸಿದರೆ ಕಣಗಳು ಮರಳಿ ಬರುವುದಿಲ್ಲ. ಈ ಮಾತ್ರೆಗಳಲ್ಲಿ ಯಾವುದನ್ನಾದರೂ ತಗೊಳ್ಳುವವರಿಗೆ ಜ್ವರ, ಗಂಟಲು ನೋವು, ಬಾಯಿ ಹುಣ್ಣು ಬಂದರೆ ಮುಂದಿನ ಡೋಸ್ ತಡೆಹಿಡಿದು, ಅವತ್ತೇ ವೈದ್ಯರನ್ನು ಕಂಡು ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಮಾಡಿಸಬೇಕು. ನಾಳೆ ನೋಡೋಣ ಅನ್ನಬೇಡಿ. ಹೋದ ತಿಂಗಳ ಎಣಿಕೆ ಚೆನ್ನಾಗಿತ್ತು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಕೆಲವೇ ದಿನದಲ್ಲಿ ಕುಸಿಯಬಹುದು. ಥೈರಾಯ್ಡ್ ಮಾತ್ರೆಯಲ್ಲಿ ಮೊದಲ ಮೂರು ತಿಂಗಳು ಹೆಚ್ಚು ಎಚ್ಚರ ಬೇಕು.

ಎರಡನೆಯದು ಬರೀ ಜ್ವರ. ಆ್ಯಂಟಿಬಯೋಟಿಕ್ ಶುರುವಾಗಿ ಸೋಂಕು ಇಳಿದಿರುತ್ತದೆ, ರೋಗಿ ಗೆಲುವಾಗಿರುತ್ತಾರೆ, ಊಟ ಸೇರುತ್ತದೆ. ಒಂದು ವಾರ, ಹತ್ತು ದಿನಕ್ಕೆ ಜ್ವರ ಮತ್ತೆ ಏರುತ್ತದೆ. ಸೋಂಕು ಮರುಕಳಿಸಿತು ಅಂತ ಇನ್ನೂ ಜೋರು ಔಷಧಿ ಕೊಟ್ಟರೆ ಜ್ವರ ಇನ್ನೂ ಎಳೆಯುತ್ತದೆ. ಇದು ಔಷಧಿ ಜ್ವರ ಇರಬಹುದು. ಕಾರಣವಾದದ್ದನ್ನು ನಿಲ್ಲಿಸಿದರೆ ಹೆಚ್ಚಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಸೋಂಕು ನಿಜವಾಗಿಯೂ ಹೋಗಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ ಮಾತ್ರ ವೈದ್ಯರು ಇದನ್ನು ಹೇಳಬಹುದು.

ಮೂರನೆಯದು ಜ್ವರದ ಜೊತೆ ಮಂಪರು. ಮಾನಸಿಕ ಕಾಯಿಲೆಯ ಕೆಲವು ಔಷಧಿಗಳು, ವಾಂತಿಗೆ ಕೊಡುವ ಮೆಟೋಕ್ಲೋಪ್ರಮೈಡ್ ಅಪರೂಪಕ್ಕೆ ಮೈ ಸೆಟೆಯುವ ಉಗ್ರ ಜ್ವರ ತರುತ್ತವೆ. ಖಿನ್ನತೆಯ ಮಾತ್ರೆಯ ಜೊತೆ ಟ್ರಮಡಾಲ್, ಕೆಮ್ಮಿನ ಸಿರಪ್ಪಿನ ಡೆಕ್ಸ್‌ಟ್ರೋಮೆಥಾರ್ಫಾನ್ ಅಥವಾ ಲಿನೆಜೋಲಿಡ್ ಎಂಬ ಆ್ಯಂಟಿಬಯೋಟಿಕ್ ಸೇರಿದರೆ ಒಂದು ದಿನದೊಳಗೆ ಜ್ವರ, ನಡುಕ, ಕಾಲು ಅದುರುವುದು, ಬೆವರು, ತಳಮಳ ಬರಬಹುದು. ಇದು ಸೆರೊಟೋನಿನ್ ಸಿಂಡ್ರೋಮ್. ಮೆದುಳುಜ್ವರ ಅಂತ ತಪ್ಪು ತಿಳಿಯುವುದು ಇಲ್ಲೇ.

ಇನ್ನುಳಿದವು ಚುಟುಕಾಗಿ: ಐಬುಪ್ರೊಫೆನ್, ಕೋಟ್ರೈಮಾಕ್ಸಜೋಲ್ ಅಪರೂಪಕ್ಕೆ ರೋಗಾಣುವಿಲ್ಲದ ಮೆದುಳುಪೊರೆ ಉರಿಯೂತ ತರುತ್ತವೆ, ಲೂಪಸ್ ಇದ್ದವರಲ್ಲಿ ಹೆಚ್ಚು. ಮೂತ್ರದ ಸೋಂಕಿಗೆ ಕೊಡುವ ನೈಟ್ರೋಫ್ಯುರಾಂಟಾಯಿನ್ ಜ್ವರ, ಕೆಮ್ಮು, ಉಸಿರಾಟದ ತೊಂದರೆ ತಂದು ನ್ಯುಮೋನಿಯಾ ಥರ ಕಾಣಬಹುದು. ಟಿಬಿ ಮಾತ್ರೆಗಳಿಂದಾಗುವ ಲಿವರ್ ಪೆಟ್ಟು ವೈರಸ್ ಕಾಮಾಲೆಯನ್ನೇ ಹೋಲುತ್ತದೆ.

ಹಂತ 5: ವೈದ್ಯರ ಮುಂದೆ ಏನು ಹೇಳಬೇಕು

'ಜ್ವರ ಬಂದಿದೆ ಡಾಕ್ಟ್ರೇ' ಅಂತ ಶುರು ಮಾಡಬೇಡಿ. ಮೊದಲ ಮಾತಿನಲ್ಲೇ ಔಷಧಿ ಬರಲಿ: 'ಇಂಥ ಔಷಧಿ ಶುರುವಾಗಿ ಇಷ್ಟು ದಿನಕ್ಕೆ ಜ್ವರ ಬಂತು, ಆಮೇಲೆ ದದ್ದು. ಇದು ಔಷಧಿಯಿಂದ ಇರಬಹುದಾ?' ಪಟ್ಟಿಯನ್ನು ಕೈಗೇ ಕೊಡಿ. ಹೀಗೆ ಕೇಳುವುದು ಯಾರಿಗೂ ಅವಮಾನವಲ್ಲ. ಒಳ್ಳೆಯ ವೈದ್ಯರಿಗೆ ಈ ಪಟ್ಟಿ ದೊಡ್ಡ ಸಹಾಯ.

ಸಾಮಾನ್ಯವಾಗಿ ಮಾಡಿಸುವ ಪರೀಕ್ಷೆಗಳು: ಕಣಗಳ ವಿಂಗಡಣೆ ಸಮೇತ ಸಿಬಿಸಿ, ಲಿವರ್, ಕಿಡ್ನಿ, ಮೂತ್ರ, ಅಗತ್ಯವಿದ್ದರೆ ಎದೆಯ ಎಕ್ಸ್‌ರೇ, ರಕ್ತದ ಕಲ್ಚರ್, ವೈರಸ್ ಪರೀಕ್ಷೆಗಳು, ಚರ್ಮದ ಚೂರು ತೆಗೆದು ನೋಡುವ ಬಯಾಪ್ಸಿ. ರಿಪೋರ್ಟಿನಲ್ಲಿ ಇಯೊಸಿನೊಫಿಲ್ ಅನ್ನುವ ಸಾಲು ನೋಡಿ. ಅಲರ್ಜಿಯಲ್ಲಿ ಏರುವ ಬಿಳಿಕಣ ಅದು. ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ರ ಒಳಗೆ ಇದ್ದರೆ ಸಾಮಾನ್ಯ. ಡ್ರೆಸ್‌ನಲ್ಲಿ 700 ದಾಟುವುದು, ಎಷ್ಟೋ ಸಲ 1500 ಮೀರುವುದು ಉಂಟು.

ರಿಪೋರ್ಟ್ ಓದುವಾಗ ಮೋಸ ಹೋಗುವ ಜಾಗಗಳು ಇವೆ. ಉರಿಯೂತ ಅಳೆಯುವ ಸಿಆರ್‌ಪಿ ಜಾಸ್ತಿ ಇದ್ದ ಮಾತ್ರಕ್ಕೆ ಬ್ಯಾಕ್ಟೀರಿಯಾ ಅಂತಲ್ಲ, ಔಷಧಿ ಪ್ರತಿಕ್ರಿಯೆಯಲ್ಲೂ ಅದು ಏರುತ್ತದೆ. ಇಯೊಸಿನೊಫಿಲ್ ಮೊದಲ ದಿನ ಸರಿ ಇದ್ದು ಕೆಲವು ದಿನ ಬಿಟ್ಟು ಏರಬಹುದು, ಹಾಗಾಗಿ ಒಂದು ಪರೀಕ್ಷೆಯನ್ನು ನಂಬಿ ಕೂರಬೇಡಿ. ಅದಕ್ಕೆ ಮುಂಚೆ ಸ್ಟೆರಾಯ್ಡ್ ಕೊಟ್ಟಿದ್ದರೆ ಸಂಖ್ಯೆ ತಗ್ಗಿಬಿಡುತ್ತದೆ, ಆ ವಿಷಯ ಹೇಳಿ. ವೈರಸ್ ಪರೀಕ್ಷೆ ಪಾಸಿಟಿವ್ ಬಂದರೂ ಔಷಧಿ ನಿರ್ದೋಷಿ ಅಂತ ಆಗುವುದಿಲ್ಲ. ಡ್ರೆಸ್‌ನಲ್ಲಿ ಮೈಯಲ್ಲಿ ಮೊದಲೇ ಮಲಗಿದ್ದ ಎಚ್‌ಎಚ್‌ವಿ-6 ಥರದ ವೈರಸ್‌ಗಳು ಎದ್ದು ಕೂರುತ್ತವೆ.

ತಿರುಗುಮುರುಗು ಆಗುವುದೂ ಉಂಟು. ಎಪ್‌ಸ್ಟೀನ್-ಬಾರ್ ವೈರಸ್ಸಿನ ಗಂಟಲು ಜ್ವರ ಇರುವ ಹರೆಯದವರಿಗೆ ಅಮಾಕ್ಸಿಸಿಲಿನ್ ಕೊಟ್ಟರೆ ಮೈತುಂಬ ದದ್ದು ಏಳಬಹುದು, ಅದರರ್ಥ ಜೀವನಪೂರ್ತಿ ಪೆನಿಸಿಲಿನ್ ಅಲರ್ಜಿ ಅಂತಲ್ಲ. ಮಕ್ಕಳಲ್ಲಿ ಮೈಕೋಪ್ಲಾಸ್ಮಾ ಸೋಂಕು ಬಾಯಿ, ಕಣ್ಣಿನಲ್ಲಿ ಸ್ಟೀವನ್ಸ್-ಜಾನ್ಸನ್ ಥರದ್ದೇ ಹುಣ್ಣು ತರುತ್ತದೆ. ಅದಕ್ಕೇ ಹೇಳುವುದು, ತೀರ್ಪು ವೈದ್ಯರಿಗೆ ಬಿಡಿ.

ಹಂತ 6: ನಿಲ್ಲಿಸುವುದು, ನಿಲ್ಲಿಸದಿರುವುದು

ಸ್ಟೀವನ್ಸ್-ಜಾನ್ಸನ್ ಮತ್ತು ಟೆನ್‌ನಲ್ಲಿ ಕಾರಣವಾದ ಔಷಧಿಯನ್ನು ಬೇಗ ನಿಲ್ಲಿಸಿದಷ್ಟೂ ಉಳಿಯುವ ಅವಕಾಶ ಜಾಸ್ತಿ. ಹಂತ 1ರ ಲಕ್ಷಣಗಳಿದ್ದರೆ, ಅನುಮಾನವಿರುವ ಮಾತ್ರೆಯ ಮುಂದಿನ ಡೋಸ್ ತಗೊಳ್ಳದೆ ನೇರ ಆಸ್ಪತ್ರೆಗೆ ಹೋಗಿ, ಅಲ್ಲಿ ವಿಷಯ ತಿಳಿಸಿ.

ಅಂಥ ಲಕ್ಷಣ ಇಲ್ಲದೆ ಬರೀ ಅನುಮಾನ ಇದ್ದರೆ, ತಾವಾಗಿ ನಿಲ್ಲಿಸಬಾರದ ಔಷಧಿಗಳಿವೆ. ಫಿಟ್ಸ್ ಮಾತ್ರೆ ದಿಢೀರ್ ಬಿಟ್ಟರೆ ಫಿಟ್ಸ್ ಒಂದರ ಹಿಂದೆ ಒಂದು ಬರಬಹುದು. ಬಹಳ ದಿನದಿಂದ ತಗೊಳ್ಳುತ್ತಿರುವ ಸ್ಟೆರಾಯ್ಡ್, ಹೃದಯದ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ, ಟಿಬಿ ಮತ್ತು ಎಚ್‌ಐವಿ ಔಷಧಿ, ಇವೂ ಹಾಗೆಯೇ. ಅವತ್ತೇ ಔಷಧಿ ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ, ಸಿಗದಿದ್ದರೆ ಆಸ್ಪತ್ರೆಗೆ ಹೋಗಿ.

ಫಿಟ್ಸ್ ಮಾತ್ರೆ ಬದಲಿಸುವಾಗ ಇನ್ನೊಂದು ಗುಂಡಿ ಇದೆ. ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟಾಲ್ ರಚನೆಯಲ್ಲಿ ಹತ್ತಿರದ ನೆಂಟರು. ಒಂದು ಒಗ್ಗದಿದ್ದವರಿಗೆ ಇನ್ನೊಂದೂ ಒಗ್ಗದೆ ಹೋಗುವ ಸಾಧ್ಯತೆ ಜಾಸ್ತಿ. ಹೊಸ ಚೀಟಿ ಕೈಗೆ ಬಂದಾಗ 'ಇದು ಅದೇ ಗುಂಪಿನದ್ದಾ?' ಅಂತ ಒಂದು ಮಾತು ಕೇಳಿ. ಲ್ಯಾಮೋಟ್ರಿಜಿನ್ ಅನ್ನು ಸಣ್ಣ ಡೋಸಿನಿಂದ ವಾರಗಟ್ಟಲೆ ನಿಧಾನವಾಗಿ ಏರಿಸುವುದೇ ಈ ದದ್ದಿನ ಅಪಾಯ ತಗ್ಗಿಸಲು. ನಡುವೆ ಕೆಲವು ದಿನ ತಪ್ಪಿಹೋದರೆ ಹಳೆಯ ದೊಡ್ಡ ಡೋಸಿಗೆ ನೇರ ಹೋಗಬೇಡಿ, ವೈದ್ಯರನ್ನು ಕೇಳಿಯೇ ಶುರು ಮಾಡಿ.

ನಿಲ್ಲಿಸಿದ ಮರುದಿನವೇ ಎಲ್ಲ ಸರಿಹೋಗಬೇಕು ಅಂತ ಕಾಯಬೇಡಿ. ಕೆಲವು ಔಷಧಿಗಳು ಮೈಯಿಂದ ಹೊರಹೋಗಲು ದಿನಗಳೇ ಬೇಕು. ಡ್ರೆಸ್‌ನಲ್ಲಿ ಇಳಿದ ಜ್ವರ, ದದ್ದು ವಾರಗಳ ನಂತರ ಮತ್ತೆ ಏರಬಹುದು. 'ನಿಲ್ಲಿಸಿದರೂ ಕಡಿಮೆಯಾಗಲಿಲ್ಲ, ಹಾಗಾಗಿ ಔಷಧಿ ಕಾರಣವಲ್ಲ' ಅಂತ ಮತ್ತೆ ಶುರು ಮಾಡುವುದು ತುಂಬಾ ಅಪಾಯ.

ಹಂತ 7: ಗುಣವಾದ ಮೇಲಿನ ಕೆಲಸ

ಯಾವ ಔಷಧಿ, ಯಾವ ತಾರೀಖು, ಏನಾಯಿತು, ಎಷ್ಟು ದಿನಕ್ಕಾಯಿತು ಅನ್ನುವುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಬರೀ 'ಔಷಧಿ ಅಲರ್ಜಿ' ಅಂದರೆ ಮುಂದಿನ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಅದನ್ನೇ ಒಂದು ಚಿಕ್ಕ ಕಾರ್ಡಿನಲ್ಲಿ ಬರೆದು ಪರ್ಸಿನಲ್ಲಿಡಿ, ಫೋನಿನಲ್ಲೂ ಇರಲಿ. ಅನುಮಾನವಿರುವ ಔಷಧಿಗಳು ಎರಡು ಮೂರು ಇದ್ದರೆ ಎಲ್ಲವೂ ಕಾರ್ಡಿನಲ್ಲಿರಲಿ. ಅದೇ ಔಷಧಿ ಬೇರೆ ಕಂಪನಿ ಹೆಸರಿನಲ್ಲಿ ಬಂದರೂ ಬೇಡ.

'ಒಂದು ಮಾತ್ರೆ ತಗೊಂಡು ನೋಡೋಣ, ಮತ್ತೆ ಬರುತ್ತಾ' ಅನ್ನುವ ಪರೀಕ್ಷೆ ಯಾವತ್ತೂ ಬೇಡ. ಸ್ಟೀವನ್ಸ್-ಜಾನ್ಸನ್, ಟೆನ್, ಡ್ರೆಸ್ ಆದವರಿಗೆ ಆ ಒಂದು ಮಾತ್ರೆ ಪ್ರಾಣಕ್ಕೇ ಕುತ್ತು ತರಬಹುದು. ಚಿಕ್ಕಂದಿನಲ್ಲಿ ಪೆನಿಸಿಲಿನ್‌ಗೆ ಸಣ್ಣ ದದ್ದು ಬಂದಿತ್ತು ಅನ್ನುವವರ ಕಥೆ ಬೇರೆ. ಪೆನಿಸಿಲಿನ್ ಅಲರ್ಜಿ ಅಂತ ಹಣೆಪಟ್ಟಿ ಹೊತ್ತವರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಪರೀಕ್ಷೆ ಮಾಡಿದಾಗ ಅಲರ್ಜಿ ಇರುವುದಿಲ್ಲ. ಅಂಥವರು ಅಲರ್ಜಿ ತಜ್ಞರ ಹತ್ತಿರ ಪರೀಕ್ಷೆ ಮಾಡಿಸಿಕೊಂಡು ಹಣೆಪಟ್ಟಿ ತೆಗೆಸಿಕೊಳ್ಳುವುದು ಒಳ್ಳೆಯದು.

ರಕ್ತಸಂಬಂಧಿಗಳಿಗೂ ವಿಷಯ ತಿಳಿಸಿ. ಕೆಲವು ಪ್ರತಿಕ್ರಿಯೆಗಳು ವಂಶವಾಹಿಗೆ ಅಂಟಿಕೊಂಡಿವೆ. ಎಚ್‌ಎಲ್‌ಎ-ಬಿ 15:02 ಎಂಬ ವಂಶವಾಹಿ ಇದ್ದವರಿಗೆ ಕಾರ್ಬಮಜೆಪಿನ್‌ನಿಂದ ಸ್ಟೀವನ್ಸ್-ಜಾನ್ಸನ್ ಬರುವ ಅಪಾಯ ಜಾಸ್ತಿ ಎಂಬುದು 2004ರಲ್ಲಿ ತೈವಾನಿನಲ್ಲಿ ಪತ್ತೆಯಾಯಿತು. ಏಷ್ಯಾ ಮೂಲದವರಲ್ಲಿ ಇದು ಹೆಚ್ಚು. ಅಲೋಪ್ಯೂರಿನಾಲ್‌ಗೆ 58:01, ಎಚ್‌ಐವಿಯ ಅಬಕವಿರ್‌ಗೆ 57:01, ಡ್ಯಾಪ್ಸೋನ್‌ಗೆ 13:01 ಇದೇ ಥರ. ಔಷಧಿ ಶುರು ಮಾಡುವ ಮುಂಚೆ ರಕ್ತಪರೀಕ್ಷೆಯಿಂದ ತಿಳಿಯಬಹುದು. ಮನೆಯವರಲ್ಲಿ ಯಾರಿಗಾದರೂ ಹೀಗಾಗಿದ್ದರೆ, ಆ ಔಷಧಿ ಬರೆಯುವ ವೈದ್ಯರಿಗೆ ಮೊದಲೇ ಹೇಳಿ.

ಸ್ಟೀವನ್ಸ್-ಜಾನ್ಸನ್ ಆದವರು ಚರ್ಮ ಗುಣವಾದರೂ ಕಣ್ಣಿನ ತಜ್ಞರನ್ನು ಬಿಡಬಾರದು. ಕಣ್ಣು ಒಣಗುವುದು, ರೆಪ್ಪೆ ಅಂಟುವುದು, ರೆಪ್ಪೆಗೂದಲು ಒಳಕ್ಕೆ ತಿರುಗಿ ಚುಚ್ಚುವುದು ತಿಂಗಳುಗಳ ನಂತರ ಶುರುವಾಗಬಹುದು, ಬಿಟ್ಟರೆ ದೃಷ್ಟಿಗೇ ಪೆಟ್ಟು. ಡ್ರೆಸ್ ಆದವರು ಕೆಲವು ತಿಂಗಳ ನಂತರ ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಬೇಕು. ಸ್ಟೆರಾಯ್ಡ್ ಕೊಟ್ಟಿದ್ದರೆ ಅದನ್ನು ವೈದ್ಯರು ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು. ಬೇಗ ಬಿಟ್ಟರೆ ಕಾಯಿಲೆ ಮರುಕಳಿಸುತ್ತದೆ.

ಕೊನೆಯ ಕೆಲಸ ವರದಿ ಮಾಡುವುದು. ಔಷಧಿಗಳ ದುಷ್ಪರಿಣಾಮ ದಾಖಲಿಸುವ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕಾರ್ಯಕ್ರಮ 1968ರಿಂದ ನಡೆಯುತ್ತಿದೆ. ಅದರ ಕೇಂದ್ರ ಸ್ವೀಡನ್ನಿನ ಉಪ್ಸಲಾದಲ್ಲಿದೆ, ಹೆಚ್ಚಿನ ದೇಶಗಳಲ್ಲಿ ಅದಕ್ಕೆ ಮಾಹಿತಿ ಕಳಿಸುವ ರಾಷ್ಟ್ರೀಯ ಕೇಂದ್ರ ಇದೆ. ಆಸ್ಪತ್ರೆಯವರು ವರದಿ ಮಾಡಿದ್ದಾರಾ ಅಂತ ಕೇಳಿ. ಹಲವು ದೇಶಗಳಲ್ಲಿ ರೋಗಿಗಳೇ ನೇರವಾಗಿ ಮಾಡಬಹುದು. ಔಷಧಿಯೇ ಕಾರಣ ಅಂತ ಸಾಬೀತಾಗಿರಬೇಕಿಲ್ಲ, ಅನುಮಾನ ಸಾಕು. ಹಂತ 2ರಲ್ಲಿ ಬರೆದ ತಾರೀಖಿನ ಪಟ್ಟಿ ಮತ್ತು ಮಾತ್ರೆಯ ಸ್ಟ್ರಿಪ್ ಮೇಲಿರುವ ಬ್ಯಾಚ್ ನಂಬರ್ ಅವರಿಗೆ ಬೇಕಾಗುತ್ತದೆ, ಹಾಗಾಗಿ ಅಲ್ಲಿಯವರೆಗೆ ಖಾಲಿ ಸ್ಟ್ರಿಪ್ ಎಸೆಯಬೇಡಿ.